ಶಾಸನದ ಕಲ್ಲುಗಳ ಮುಂದೆ 12 ವರ್ಷ: ಒಂದು ಅಗ್ಗದ ಕ್ಯಾಮೆರಾದ ಗುಣ, ದೋಷ

ಕಳೆದ ಭಾನುವಾರ ಆವಣಿಯ ದೇವಸ್ಥಾನದ ಅಂಗಳದಲ್ಲಿ ನಿಂತಿದ್ದಾಗ ನನ್ನ ಕ್ಯಾಮೆರಾದ ಚಿತ್ರಸಂಖ್ಯೆ 9999 ದಾಟಿ ಮತ್ತೆ 0001ಕ್ಕೆ ಬಂತು. ಹೀಗಾದದ್ದು ಇದು ಮೂರನೆಯ ಸಲ. ಅಲ್ಲಿಗೆ ಸುಮಾರು 30 ಸಾವಿರ ಚಿತ್ರಗಳಾದವು. ಮನೆಯವರ ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ ಬಿಟ್ಟರೆ ಮಿಕ್ಕವೆಲ್ಲ ಕಲ್ಲುಗಳೇ: ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನ, ಕೆರೆಯ ತೂಬಿನ ಕಂಬ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ರಜೆಯ ದಿನ ಊರೂರು ತಿರುಗಿ ಶಾಸನದ ಕಲ್ಲುಗಳ ಚಿತ್ರ ತೆಗೆದಿಡುವುದು ನನ್ನ ಹವ್ಯಾಸ. ಈ ಕೆಲಸಕ್ಕೆ ಯಾವ ಕ್ಯಾಮೆರಾ ತೆಗೆದುಕೊಳ್ಳಬೇಕೆಂದು ಹಲವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 2012ರಲ್ಲಿ ಬಂದ ಮಾದರಿ. 2013ರ ದೀಪಾವಳಿಗೆ ಕೊಂಡೆ. ಬೆಲೆ ನನ್ನ ಆಗಿನ ಅರ್ಧ ತಿಂಗಳ ಸಂಬಳಕ್ಕಿಂತ ಕಡಿಮೆ. 16 ಮೆಗಾಪಿಕ್ಸೆಲ್, 16 ಪಟ್ಟು ಝೂಮ್, ಹಿಂಬದಿಯಲ್ಲಿ 3 ಇಂಚಿನ ಪರದೆ, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್. ಕಂಪನಿಯ ಹೆಸರು ಹೇಳುವುದರಿಂದ ಓದುಗರಿಗೆ ಪ್ರಯೋಜನವಿಲ್ಲ, ಏಕೆಂದರೆ ಈ ಮಾದರಿ ಈಗ ಹೊಸದಾಗಿ ಸಿಗುವುದಿಲ್ಲ. ಆದರೆ ಇದೇ ಬಗೆಯವು, ಅಂದರೆ ಸಣ್ಣ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್), ಉದ್ದದ ಝೂಮ್, ಕೈಯಾರೆ ಹೊಂದಿಸಿಕೊಳ್ಳುವ ಸೌಲಭ್ಯ ಇರುವ ಪುಟ್ಟ ಕ್ಯಾಮೆರಾಗಳು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತವೆ. ಬಗೆಯನ್ನು ಅರಿತರೆ ಸಾಕು.

ಬೆಳಕಿನಿಂದಲೇ ಶುರುಮಾಡುತ್ತೇನೆ. ಬೇಲೂರು, ಹಳೇಬೀಡಿನ ಕಡೆ ಬಳಪದ ಕಲ್ಲು. ಅಕ್ಷರ ಮುತ್ತು ಪೋಣಿಸಿದಂತೆ ನಿಂತಿರುತ್ತದೆ. ನಮ್ಮ ಕಡೆಯದು ಒರಟು ಗ್ರಾನೈಟ್. ಸಾವಿರ ವರ್ಷದ ಬಿಸಿಲು ಮಳೆಗೆ ಅಕ್ಷರದ ಅಂಚು ಸವೆದು, ಮೇಲೆ ಕಲ್ಲುಹೂವು ಬೆಳೆದು, ಎದುರಿಗೆ ನಿಂತು ನೋಡಿದರೆ ಬರೀ ಬಂಡೆ. ನಡುಮಧ್ಯಾಹ್ನ ಒಂದು ಅಕ್ಷರವೂ ಕಾಣದ ಕಲ್ಲು, ಬೆಳಿಗ್ಗೆ ಏಳು ಗಂಟೆಗೆ ಬಿಸಿಲು ಪಕ್ಕದಿಂದ ಬಿದ್ದಾಗ ಸಾಲು ಸಾಲಾಗಿ ಓದಿಸಿಕೊಳ್ಳುತ್ತದೆ. ಗೀರಿನ ಒಂದು ಅಂಚಿಗೆ ಬೆಳಕು, ಇನ್ನೊಂದಕ್ಕೆ ನೆರಳು: ಶಾಸನದ ಚಿತ್ರವೆಂದರೆ ಇಷ್ಟೇ. ಆದ್ದರಿಂದ ಕ್ಯಾಮೆರಾದ ಫ್ಲ್ಯಾಶ್ ನಮಗೆ ಶತ್ರು. ಅದು ಲೆನ್ಸಿನ ಪಕ್ಕದಿಂದಲೇ ನೇರವಾಗಿ ಬೆಳಗುವುದರಿಂದ ಇದ್ದಬದ್ದ ನೆರಳನ್ನೂ ಅಳಿಸಿಹಾಕುತ್ತದೆ. ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಅನ್ನು ಬೆರಳಿನಿಂದ ಎತ್ತಿದರೆ ಮಾತ್ರ ಮೇಲೇಳುತ್ತದೆ. ಎತ್ತದಿದ್ದರೆ, ಎಂಥ ಕತ್ತಲಿದ್ದರೂ ಅದು ತಾನಾಗಿ ಉರಿಯುವುದಿಲ್ಲ. ಕೊಳ್ಳುವಾಗ ಇದನ್ನು ನಾನು ಗಮನಿಸಿರಲೇ ಇಲ್ಲ. ಈಗ ಕೇಳಿದರೆ ಈ ಯಂತ್ರದ ಅತಿ ದೊಡ್ಡ ಗುಣ ಇದೇ ಎನ್ನುತ್ತೇನೆ.

ಮರದ ನೆರಳಿನಲ್ಲಿರುವ ಕಲ್ಲಿಗೆ ಮುಖ ನೋಡುವ ಕನ್ನಡಿಯೇ ದೀಪ. ಒಬ್ಬ ವಿದ್ಯಾರ್ಥಿ ದೂರದ ಬಿಸಿಲಿನಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಗೆ ಸವರುವಂತೆ ಬಿಡುತ್ತಾನೆ, ನಾನು ಚಿತ್ರ ತೆಗೆಯುತ್ತೇನೆ. ಸಂಜೆ ಕತ್ತಲಾದ ಮೇಲಾದರೆ ಟಾರ್ಚ್. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೋ ಒಂದು ಇಟ್ಟಿಗೆಯ ಮೇಲೋ ಕೂರಿಸಿ, ಎಲ್ಲವನ್ನೂ ಕೈಯಾರೆ ಹೊಂದಿಸುವ ಸ್ಥಿತಿಗೆ ತಂದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಳತೆ) 100ಕ್ಕೆ ಇಳಿಸಿ, ಶಟರ್ ನಾಲ್ಕು ಸೆಕೆಂಡು ತೆರೆದಿರುವಂತೆ ಮಾಡಿ, 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯುತ್ತೇನೆ. ಆ ನಾಲ್ಕು ಸೆಕೆಂಡು ಟಾರ್ಚನ್ನು ಕಲ್ಲಿನ ಒಂದು ಬದಿಯಿಂದ ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ಇದೇ ಕ್ಯಾಮೆರಾ ಸಾಧಾರಣ ಸ್ಥಿತಿಯಲ್ಲಿ ಇಂಥ ಚಿತ್ರ ತೆಗೆದೀತೆಂದು ನಂಬುವುದು ಕಷ್ಟ.

ಮೊಬೈಲ್ ಇದ್ದಮೇಲೆ ಇದು ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮದುವೆಮನೆಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ದೀಪದ ಬೆಳಕಿನಲ್ಲಿ ಮಗುವಿನ ಮುಖಕ್ಕೆ ಇಂದಿನ ಸಾಧಾರಣ ಮೊಬೈಲ್ ಕೂಡ ನನ್ನ ಕ್ಯಾಮೆರಾಗಿಂತ ಎಷ್ಟೋ ಮೇಲು. ಆ ವಿಷಯದಲ್ಲಿ ವಾದವಿಲ್ಲ. ಆದರೆ ಮೊಬೈಲ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ನೆರಳನ್ನು ತಿಳಿಗೊಳಿಸಿ, ಒರಟನ್ನು ನುಣುಪು ಮಾಡಿ, ಅಂಚುಗಳನ್ನು ತಿದ್ದಿ ಚೂಪುಗೊಳಿಸಿ ಕೊಡುತ್ತದೆ. ಮುಖಕ್ಕೆ ಅದು ಚೆಂದ, ಶಾಸನಕ್ಕೆ ಅಪಾಯ. ಒಮ್ಮೆ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಕಲ್ಲನ್ನು ತೆಗೆದೆವು. ಅವರ ಮೊಬೈಲಿನ ಚಿತ್ರದಲ್ಲಿ ಕಲ್ಲಿನ ಸೀಳೊಂದು ಎಷ್ಟು ಸ್ಪಷ್ಟವಾಗಿ ಮೂಡಿತ್ತೆಂದರೆ, ಅದನ್ನು ನಾವು ‘ವ’ದ ಪಕ್ಕದ ಕೊಂಡಿಯೆಂದು ತಿಳಿದು ‘ಮ’ ಎಂದು ಓದಿದೆವು. ನನ್ನ ಚಿತ್ರ ಮಬ್ಬಾಗಿತ್ತು, ಆದರೆ ಸೀಳು ಸೀಳಾಗಿಯೇ ಉಳಿದಿತ್ತು. ಮತ್ತೆ ಹೋಗಿ ಬೆರಳಾಡಿಸಿ ನೋಡಿದಾಗ ಅದು ‘ವ’ವೇ. ‘ತುರುವಂ’ ಎಂಬ ಪದ. ತುರು ಎಂದರೆ ದನ. ಹಸುಗಳನ್ನು ಬಿಡಿಸಲು ಹೋಗಿ ಮಡಿದವರ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ನನ್ನ ಕ್ಯಾಮೆರಾವೂ ಚಿತ್ರವನ್ನು ಸ್ವಲ್ಪ ತಿದ್ದುತ್ತದೆ ನಿಜ, ಅದರಲ್ಲಿ ಜೆಪೆಗ್, ಅಂದರೆ ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿದ ಕಡತ, ಅಲ್ಲದೆ ಬೇರೆ ಕಡತವೂ ಸಿಗುವುದಿಲ್ಲ. ಆದರೂ ಇಷ್ಟು ಧೈರ್ಯ ಮಾಡುವುದಿಲ್ಲ.

ಮೊಬೈಲಿನ ಇನ್ನೊಂದು ತೊಂದರೆ, ಅದರ ಅಗಲದ ಲೆನ್ಸ್. ಕಲ್ಲು ಹತ್ತಿರದಿಂದ ತುಂಬಿಬರಬೇಕೆಂದು ಮುಂದೆ ಹೋದರೆ ಅಂಚಿನ ಅಕ್ಷರಗಳು ಹಿಗ್ಗುತ್ತವೆ. ಝೂಮ್ ಇದ್ದರೆ ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಕಲ್ಲಿನ ನಡುಮಟ್ಟಕ್ಕೆ ಬಗ್ಗಿ, ಓರೆಯಿಲ್ಲದೆ ತೆಗೆಯಬಹುದು. ಆವಣಿಯ ಲಕ್ಷ್ಮಣೇಶ್ವರನ ಗುಡಿಯ ಒಳಮಾಳಿಗೆಯಲ್ಲಿ ದಿಕ್ಪಾಲಕರ ಕೆತ್ತನೆಯಿದೆ; ಹಿಂದೆ ಈ ಭಾಗವನ್ನು ಆಳಿದ ನೊಳಂಬರ ಕಾಲದ ಆ ಕೆಲಸವನ್ನು ನೆಲದ ಮೇಲೆ ಅಂಗಾತ ಮಲಗಿ ಒಂದೊಂದಾಗಿ ಹತ್ತಿರಕ್ಕೆ ತಂದುಕೊಂಡದ್ದು ಈ ಝೂಮಿನಿಂದಲೇ.

ಸೆನ್ಸರ್ ಚಿಕ್ಕದು ಎಂಬುದನ್ನು ಎಲ್ಲರೂ ದೋಷವೆಂದೇ ಬರೆಯುತ್ತಾರೆ. ಸುಮಾರು 6 ಮಿ.ಮೀ. ಅಗಲ, ನಾಲ್ಕೂವರೆ ಮಿ.ಮೀ. ಎತ್ತರ, ಕಿರುಬೆರಳಿನ ಉಗುರಿಗಿಂತ ಸಣ್ಣದು. ನನ್ನ ಕೆಲಸಕ್ಕೆ ಅದೇ ಒಳ್ಳೆಯದಾಯಿತು. ಏರಿಯ ಮೇಲೆ ಅರ್ಧ ವಾಲಿರುವ ಕಲ್ಲನ್ನು ಕೆಳಗಿನಿಂದ ತೆಗೆದಾಗಲೂ ಬುಡದ ಯುದ್ಧದ ದೃಶ್ಯದಿಂದ ತುದಿಯ ಸೂರ್ಯಚಂದ್ರರ ತನಕ ಎಲ್ಲವೂ ಸ್ಫುಟವಾಗಿರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ಮಸುಕಾಗುತ್ತಿತ್ತು. ಅಳತೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಒಂದು ಮೀಟರ್ ಎತ್ತರದ ಕಲ್ಲನ್ನು ಕ್ಯಾಮೆರಾ ಉದ್ದವಾಗಿ ಹಿಡಿದು ತುಂಬಿಸಿದರೆ 4,608 ಪಿಕ್ಸೆಲ್, ಅಂದರೆ ಮಿ.ಮೀ.ಗೆ ನಾಲ್ಕೂವರೆ. 3 ಸೆಂ.ಮೀ. ಅಕ್ಷರಕ್ಕೆ 135ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಓದಲು ಅಷ್ಟು ಧಾರಾಳ. ಪಕ್ಕದಲ್ಲಿ 15 ಸೆಂ.ಮೀ. ಸ್ಕೇಲ್ ಇಡುವುದನ್ನು ಮಾತ್ರ ಮರೆಯಬೇಡಿ.

ಇನ್ನು ದೋಷಗಳು. ಒಂದು ಸಂಜೆಯ ಕಥೆ ಹೇಳಿದರೆ ಮುಖ್ಯವಾದವು ತಾವಾಗಿ ಬರುತ್ತವೆ.

2016ರ ಬೇಸಿಗೆ. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರ ಮನೆಯ ಮುಂದೆ ಕರು ಕಟ್ಟಲು ನೆಟ್ಟ ಕಲ್ಲೇ ವೀರಗಲ್ಲಾಗಿತ್ತು. ಸಗಣಿ ಮೆತ್ತಿದೆ ಎಂದು ಅಜ್ಜಿ ನಾನು ಕೇಳದೆಯೇ ಎರಡು ಚೊಂಬು ನೀರು ಸುರಿದು ಕೈಯಿಂದ ಉಜ್ಜಿದರು. ಕಲ್ಲು ಕಪ್ಪಾಯಿತು. ಮೇಲ್ಮೈ ಒಣಗುತ್ತಾ ಬಂದಂತೆ ಬಂಡೆ ಬೆಳ್ಳಗಾಗತೊಡಗಿತು, ಗೀರುಗಳೊಳಗಿನ ತೇವ ಮಾತ್ರ ಹಾಗೇ ನಿಂತಿತು. ನೋಡನೋಡುತ್ತಲೇ, ಬೂದುಬಣ್ಣದ ಕಲ್ಲಿನ ಮೇಲೆ ಯಾರೋ ಈಗಷ್ಟೇ ಮಸಿಯಿಂದ ಬರೆದಂತೆ, ನಾಲ್ಕು ಸಾಲು ಎದ್ದು ಬಂದವು. ಆ ಸ್ಥಿತಿ ಉಳಿಯುವುದು ಎರಡೇ ನಿಮಿಷ. ನಾನು ಒಂದು ಚಿತ್ರ ತೆಗೆದೆ. ಅದನ್ನು ಕಾರ್ಡಿಗೆ ಬರೆದುಕೊಂಡು ಮುಂದಿನದಕ್ಕೆ ಸಿದ್ಧವಾಗಲು ಕ್ಯಾಮೆರಾಗೆ ಎರಡು ಮೂರು ಸೆಕೆಂಡು. ಇನ್ನೊಂದು, ಮತ್ತೆ ಕಾಯುವುದು. ಪಡುವಣದ ಬಿಸಿಲು ಪರದೆಯ ಮೇಲೆ ಬಿದ್ದು ಏನು ಬಂದಿದೆ ಎಂಬುದೇ ತಿಳಿಯದು. ಕಣ್ಣಿಟ್ಟು ನೋಡುವ ಕಿಂಡಿ ಈ ಕ್ಯಾಮೆರಾದಲ್ಲಿಲ್ಲ. ತಲೆಯ ಮೇಲೆ ಟವೆಲ್ ಹೊದ್ದು ಆರನೆಯದನ್ನು ತೆಗೆಯುವಷ್ಟರಲ್ಲಿ, ಅದುವರೆಗೆ ಯಾವ ಸೂಚನೆಯನ್ನೂ ಕೊಡದ ಕ್ಯಾಮೆರಾ ಸೆಲ್ ಬದಲಿಸಿ ಎಂದು ತೋರಿಸಿ, ಲೆನ್ಸ್ ಒಳಗೆಳೆದುಕೊಂಡು ಆರಿಹೋಯಿತು.

ಓಡಿಹೋಗಿ ಚಿಲ್ಲರೆ ಅಂಗಡಿಯಿಂದ ಎರಡು ಸೆಲ್ ತಂದೆ. ಗೋಡೆ ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್‌ಗಳು ಅವು. ಒಂಬತ್ತು ಚಿತ್ರಕ್ಕೆ ಮುಗಿದವು. ಅಷ್ಟರಲ್ಲಿ ಕಲ್ಲು ಪೂರ್ತಿ ಒಣಗಿ ಮತ್ತೆ ಬಂಡೆಯಾಗಿತ್ತು. ಅಜ್ಜಿ ಇನ್ನೆರಡು ಚೊಂಬು ನೀರು ತಂದರು.

“ಇದರಲ್ಲಿ ಏನು ಬರೆದಿದೆ ಮೇಷ್ಟ್ರೇ?”

“ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನ ಕಲ್ಲು, ಅಜ್ಜಿ. ಕರುವನ್ನು ಬೇರೆ ಕಡೆ ಕಟ್ಟಿದರೆ ಕಲ್ಲು ಸವೆಯುವುದಿಲ್ಲ.”

ಅವರು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದರು. “ದನಕ್ಕಾಗಿ ಪ್ರಾಣ ಕೊಟ್ಟವನಲ್ಲವೇ? ಕರು ಅವನ ಹತ್ತಿರವೇ ಇರಲಿ ಬಿಡಿ” ಎಂದರು. ನನಗೆ ಮರುಮಾತು ಹೊಳೆಯಲಿಲ್ಲ. ಹಗ್ಗ ಕಲ್ಲಿಗೆ ಉಜ್ಜದಂತೆ ಒಂದು ಗೋಣಿಯ ತುಂಡು ಸುತ್ತಿ ಬಂದೆ.

ಸೆಲ್ಲಿನ ವಿಷಯ ಅಂದು ಕಲಿತದ್ದು ಇದು. ಮರುಚಾರ್ಜ್ ಮಾಡುವ ನಿಕ್ಕಲ್ ಸೆಲ್‌ಗಳು ಕೊನೆಯವರೆಗೂ ಸುಮಾರು 1.2 ವೋಲ್ಟನ್ನು ಒಂದೇ ಸಮನೆ ಕೊಡುತ್ತವೆ, ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಅದರಿಂದಲೇ ಎಚ್ಚರಿಕೆಯ ಗುರುತು ಸಿಗುವುದಿಲ್ಲ. ಹೊಸದಾಗಿ ಚಾರ್ಜ್ ಮಾಡಿದ ಜೋಡಿಗೆ ನನಗೆ 300ರ ಆಸುಪಾಸು ಚಿತ್ರ ಸಿಗುತ್ತದೆ, ಆಲ್ಕಲೈನ್ ಸೆಲ್ಲಿಗೆ ನೂರು ಚಿಲ್ಲರೆ. ಈಗ ಎರಡು ಜೋಡಿ ಸದಾ ಚೀಲದಲ್ಲಿರುತ್ತವೆ. ಇಷ್ಟಾದರೂ ಪೆನ್ಸಿಲ್ ಸೆಲ್ಲಿನ ಕ್ಯಾಮೆರಾವನ್ನೇ ಕೊಳ್ಳಿ ಎನ್ನುತ್ತೇನೆ. ಅದೇ ವಯಸ್ಸಿನ ಬೇರೆ ಕ್ಯಾಮೆರಾಗಳ ವಿಶೇಷ ಬ್ಯಾಟರಿ ಊದಿಕೊಂಡರೆ ಬದಲಿಗಾಗಿ ಅಲೆಯಬೇಕು. ಇದಕ್ಕೆ ಬೇಕಾದ ಸೆಲ್ ಎಲ್ಲ ಊರಿನಲ್ಲೂ ಇದೆ.

ಗುಡಿಯ ಒಳಮಂಟಪವಾದ ಕತ್ತಲೆಯ ನವರಂಗದಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಇದರಿಂದಾಗದು. ಐಎಸ್‌ಒ 400 ದಾಟಿದರೆ ಕಂಬದ ಕೆತ್ತನೆ ಬಣ್ಣದ ಹುಡಿ ಎರಚಿದಂತೆ ಕಾಣುತ್ತದೆ, 800ಕ್ಕೆ ಅಕ್ಷರದ ಗೆರೆಗಳು ಕಲಸಿಹೋಗುತ್ತವೆ. ಇಷ್ಟು ಚಿಕ್ಕ ಸೆನ್ಸರಿನಲ್ಲಿ 16 ಮೆಗಾಪಿಕ್ಸೆಲ್ ತುರುಕಿದ್ದರ ಫಲ ಇದು, ಹತ್ತು ಸಾಕಿತ್ತು. ಝೂಮ್ ಪೂರ್ತಿ ಎಳೆದಾಗ ಬೆಳಕು ಕಡಿಮೆಯಾಗಿ ಕೈಯ ನಡುಕವೂ ಸೇರಿಕೊಳ್ಳುತ್ತದೆ. ಆಕಾಶದೆದುರಿಗೆ ಗೋಪುರ ತೆಗೆದರೆ ಅಂಚಿಗೆ ನೇರಳೆ ಬಣ್ಣದ ಎಳೆ. ವಿಡಿಯೊ ಬಗ್ಗೆ ಹೇಳುವಂಥದ್ದೇನಿಲ್ಲ.

ದೂಳು ನನಗೆ ಒಮ್ಮೆ ದುಬಾರಿಯಾಯಿತು. ಬತ್ತಿದ ಕೆರೆಯಂಗಳದಲ್ಲಿ ಗಾಳಿಗೆ ಎದ್ದ ಮಣ್ಣು ಲೆನ್ಸಿನ ಕೊಳವೆಯ ಸಂದಿಗೆ ಹೋಗಿ, ಅದು ಒಳಕ್ಕೂ ಬಾರದೆ ಹೊರಕ್ಕೂ ಹೋಗದೆ ಕರಕರ ಎಂದು ನಿಂತಿತು. ಸೇವಾ ಕೇಂದ್ರದವರು ಬಿಡಿಭಾಗ ಬರುವುದಿಲ್ಲ ಎಂದು ವಾಪಸು ಕೊಟ್ಟರು. ಕೊನೆಗೆ ಗಡಿಯಾರ ರಿಪೇರಿ ಮಾಡುವವರೊಬ್ಬರು ಬಿಚ್ಚಿ, ಕುಂಚದಿಂದ ಗುಡಿಸಿ, ಸರಿಮಾಡಿದರು. ಅಂದಿನಿಂದ ಗಾಳಿಯಿದ್ದರೆ ಚೀಲದಿಂದ ಹೊರತೆಗೆಯುವುದಿಲ್ಲ. ಸೆಲ್ ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ಆರನೆಯ ವರ್ಷ ಮುರಿಯಿತು; ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಹಳೆಯದನ್ನು ಕೊಳ್ಳುವವರು ಮೊದಲು ಸೆಲ್ ಇಡುವ ಜಾಗದಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಹತ್ತು ಸಲ ಆನ್ ಆಫ್ ಮಾಡಿ ಲೆನ್ಸಿನ ಸದ್ದು ಕೇಳಿ. ಆಕಾಶದ ಒಂದು ಚಿತ್ರ ತೆಗೆದು ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆಯೇ ಗಮನಿಸಿ.

ಇಷ್ಟೆಲ್ಲ ಯಾಕೆ ಬೇಕು ಎಂದರೆ ನನ್ನ ಉತ್ತರ ಒಂದು ಕಲ್ಲು. ಊರೂರಿನ ಶಾಸನಗಳನ್ನು ಕಲೆಹಾಕಿ ಅಚ್ಚುಹಾಕಿಸಿದ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ, ಕೋಲಾರ ಜಿಲ್ಲೆಯದು, ಬಂದದ್ದು 1905ರಲ್ಲಿ. ಅದನ್ನು ಕೈಯಲ್ಲಿ ಹಿಡಿದು ಊರೂರು ಹುಡುಕಿದರೆ ಕೆಲವು ಕಲ್ಲುಗಳು ಮನೆಯ ಪಾಯ ಸೇರಿವೆ, ಕೆಲವು ರಸ್ತೆಯಡಿ ಹೋಗಿವೆ. ಅದರಲ್ಲಿ ಇಲ್ಲದ ಕಲ್ಲುಗಳೂ ಸಿಗುತ್ತವೆ. 2015ರಲ್ಲಿ ಒಂದು ಒಣಗಿದ ಕೆರೆಯ ತೂಬಿನ ಬಳಿ ಅಂಥದ್ದೊಂದು ಸಿಕ್ಕಿತು. ಆಮೇಲೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಎಷ್ಟೋ ವರ್ಷಗಳ ಮೇಲೆ ಆ ಕೆರೆ ತುಂಬಿ ಕೋಡಿ ಹರಿದಾಗ ಊರಿನವರ ಜೊತೆ ನಾನೂ ಏರಿಯ ಮೇಲೆ ನಿಂತು ಸಂತೋಷಪಟ್ಟೆ. ಕಲ್ಲು ಈಗ ನೀರಿನಡಿ ಇದೆ.

ಅದರ ಹನ್ನೊಂದು ಚಿತ್ರಗಳು ನನ್ನಲ್ಲಿವೆ. ಕೊನೆಯ ಸಾಲಿನ ಮೂರು ಅಕ್ಷರ ಇನ್ನೂ ಓದಲಾಗಿಲ್ಲ. ಅಂದು ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು, ಅಷ್ಟನ್ನೇ ನಂಬಿ ತೆಗೆದು ಬಂದೆ. ಬಲಗಡೆಯಿಂದ ಕನ್ನಡಿ ಹಿಡಿಸಲಿಲ್ಲ. ಈಗ ಯಾವ ಕಲ್ಲಿನ ಮುಂದೆ ನಿಂತರೂ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ತೆಗೆಯದೆ ಟ್ರೈಪಾಡ್ ಮಡಚುವುದಿಲ್ಲ.