ಮನೆ ಶೋಧನೆಯ ಉಚಿತ ಪ್ರತಿ: ತುಮಕೂರು ಜಿಲ್ಲೆಯವರಿಗೆ ಈ ಸೇವೆ ಎಷ್ಟು ಉಪಯೋಗ?

ವಾರಂಟ್ ಇಲ್ಲದೆ ಮನೆ ಶೋಧಿಸುವ ಪೊಲೀಸರು, ಶೋಧನೆ ಏಕೆ ಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ಆ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯ ಮಾಲೀಕರು ಅಥವಾ ಅಲ್ಲಿ ವಾಸವಿರುವವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಕೊಡುವ ಈ ಸೇವೆಯನ್ನೇ ಇಲ್ಲಿ ತೂಗಿ ನೋಡಿದ್ದೇವೆ. ಹಳೆಯ ಸಂಹಿತೆಯ 165ನೇ ಕಲಮಿನಲ್ಲೂ ಇದು ಇತ್ತು, ಆದರೆ ಅಲ್ಲಿ ‘ಕೂಡಲೇ’ ಎಂದಷ್ಟೇ ಇತ್ತು. 48 ಗಂಟೆಯ ಗಡುವು ಹೊಸದು, ಒಳ್ಳೆಯದು ಕೂಡ.

ಅರ್ಜಿ ಸಲ್ಲಬೇಕಾದ್ದು ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಪಾವಗಡದವರು ಇದಕ್ಕಾಗಿ ತುಮಕೂರಿನವರೆಗೆ ಬಸ್ಸು ಹತ್ತಬೇಕಿಲ್ಲ. ಠಾಣೆಯ ಹೆಸರು, ಕ್ರೈಮ್ ನಂಬರ್, ಶೋಧನೆಯ ದಿನ ಮತ್ತು ಹೊತ್ತು, ಮನೆಯ ವಿಳಾಸ, ನೀವು ಮಾಲೀಕರೋ ಬಾಡಿಗೆದಾರರೋ ಎಂಬುದು, ಇಷ್ಟು ಬರೆದರೆ ಸಾಕು. ಬಾಡಿಗೆದಾರರು ಕರಾರು ಪತ್ರವನ್ನೋ ಬೆಸ್ಕಾಂ ಬಿಲ್ಲನ್ನೋ ಲಗತ್ತಿಸಿ. ಕ್ರೈಮ್ ನಂಬರ್ ಗೊತ್ತಿಲ್ಲದಿದ್ದರೆ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಅಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡೇ ಹೊರಡಿ.

ಅರ್ಜಿ ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಶೋಧನೆಯ ಕಾರಣವನ್ನು ಪೊಲೀಸರು ಬರೆಯುವುದು ಕೇಸ್ ಡೈರಿಯಲ್ಲಿ. ಡೈರಿಯನ್ನು ತರಿಸಿ ನೋಡುವ ಹಕ್ಕು ಆರೋಪಿಗೆ ಇಲ್ಲ ಎಂದು 192ನೇ ಕಲಂ ಹೇಳುತ್ತದೆ. ‘ಕೇಸ್ ಡೈರಿ ಪ್ರತಿ ಕೊಡಿ’ ಎಂದು ಬರೆದ ಅರ್ಜಿ ಅಲ್ಲೇ ಮುಗಿಯಿತು. ಅದರ ಬದಲು ‘185ನೇ ಕಲಮಿನ 1 ಮತ್ತು 3ನೇ ಉಪಕಲಂ ಪ್ರಕಾರ ಬರೆದ ದಾಖಲೆಯ ಪ್ರತಿಯನ್ನು 5ನೇ ಉಪಕಲಂ ಪ್ರಕಾರ ಕೊಡಿ’ ಎಂದು ಕೇಳಿ. ಈ ಒಂದು ದಾಖಲೆಗೆ ಕಾನೂನೇ ಬಾಗಿಲು ತೆರೆದಿಟ್ಟಿದೆ.

ಪ್ರತಿ ಕೈಗೆ ಬಂದ ಮೇಲೆ ಓದಬೇಕಾದ ಸಾಲು ಒಂದಿದೆ: ‘ಬಾತ್ಮೀದಾರರಿಂದ ಖಚಿತ ಮಾಹಿತಿ ಬಂದಿದ್ದು, ವಾರಂಟ್ ಪಡೆಯುವಷ್ಟರಲ್ಲಿ ಮಾಲು ಸಾಗಿಸುವ ಸಂಭವ ಇದ್ದುದರಿಂದ’. ಠಾಣೆ ಯಾವುದೇ ಇರಲಿ, ಈ ಒಕ್ಕಣೆ ಬದಲಾಗುವುದು ಅಪರೂಪ. ಮಾಹಿತಿ ಬಂದ ಹೊತ್ತು, ಠಾಣೆ ಬಿಟ್ಟ ಹೊತ್ತು, ಎಫ್‌ಐಆರ್ ದಾಖಲಾದ ಹೊತ್ತು, ಮಹಜರು ಶುರುವಾದ ಹೊತ್ತು, ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಬೆಳಿಗ್ಗೆ ಬಂದ ಮಾಹಿತಿಗೆ ಸಂಜೆ ದಾಳಿ ನಡೆದಿದ್ದರೆ, ಕೋರ್ಟ್ ತೆರೆದಿದ್ದ ಆ ಹೊತ್ತಿನಲ್ಲಿ ವಾರಂಟ್ ಕೇಳಲಿಲ್ಲವೇಕೆ ಎಂಬ ಪ್ರಶ್ನೆಗೆ ಪೊಲೀಸರೇ ಉತ್ತರ ಹೇಳಬೇಕಾಗುತ್ತದೆ.

ಅಬಕಾರಿ ದಾಳಿಗಳಲ್ಲಿ ಈ ಪ್ರಶ್ನೆಗೆ ಹರಿತ ಹೆಚ್ಚು. ರಾಜ್ಯದ ಅಬಕಾರಿ ಕಾಯ್ದೆಯ 54ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರಿ ತನ್ನ ನಂಬಿಕೆಯ ಕಾರಣವನ್ನು ಮೊದಲು ದಾಖಲಿಸಬೇಕು. ಹಾಗೆ ದಾಖಲಿಸದೆ ನಡೆಸಿದ ಶೋಧನೆಗೆ ಅಧಿಕಾರವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ವರದಿಯಾದ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ ಶಿಕ್ಷೆಯನ್ನು ರದ್ದು ಮಾಡಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ.

ಸೇವೆ ಸೋಲುವುದು ವಾರಂಟ್ ಇರುವ ಶೋಧನೆಯಲ್ಲಿ. ನಾಗರಿಕ ಸುರಕ್ಷಾ ಸಂಹಿತೆಯ 96ನೇ ಕಲಂ ಪ್ರಕಾರ ಕೋರ್ಟ್ ವಾರಂಟ್ ಕೊಡುತ್ತದೆ. ಕಳವು ಮಾಲು, ನಕಲಿ ದಾಖಲೆ ಮುಂತಾದವುಗಳಿಗೆ 97ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಕೂಡ ಮ್ಯಾಜಿಸ್ಟ್ರೇಟರಾಗಿ ಕೊಡಬಹುದು. ನಮ್ಮಲ್ಲಿ ತುಮಕೂರು, ತಿಪಟೂರು, ಮಧುಗಿರಿ ಎಂದು ಮೂರು ಉಪವಿಭಾಗ. ವಾರಂಟ್ ಲಿಖಿತವಾಗಿರಬೇಕು, ಸಹಿ ಮತ್ತು ಮೊಹರು ಇರಬೇಕು. ಆದರೆ ಅದನ್ನು ಪಡೆಯಲು ಪೊಲೀಸರು ಕೊಟ್ಟ ಕೋರಿಕೆ ಪತ್ರದಲ್ಲಿ ಏನಿತ್ತು? ಅದರ ಪ್ರತಿಯನ್ನು ಉಚಿತವಾಗಿ ಕೊಡಿ ಎನ್ನುವ ಕಲಂ ಇಲ್ಲ. ದೃಢೀಕೃತ ನಕಲಿಗೆ ಬೇರೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಸುಳ್ಳು ಸೇರಿಕೊಳ್ಳುವ ಜಾಗ ಆ ಕೋರಿಕೆ ಪತ್ರವೇ. ಅದೇ ಕಣ್ಣಿಗೆ ಬೀಳದಿದ್ದರೆ ಪ್ರಶ್ನಿಸುವುದು ಹೇಗೆ? ಅಮೆರಿಕದಲ್ಲಿ 1978ರ ಫ್ರಾಂಕ್ಸ್ ತೀರ್ಪಿನ ನಂತರ, ವಾರಂಟಿಗಾಗಿ ಪೊಲೀಸರು ಸಲ್ಲಿಸಿದ ಅಫಿಡವಿಟ್ಟಿನಲ್ಲಿ ಬೇಕೆಂದೇ ಹೇಳಿದ ಸುಳ್ಳನ್ನು ತೆಗೆದಾಗ ಉಳಿದದ್ದು ಸಾಲದಿದ್ದರೆ ವಾರಂಟ್ ಬೀಳುತ್ತದೆ, ಸಿಕ್ಕ ಸಾಕ್ಷ್ಯವೂ ಹೊರಗೆ ಹೋಗುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1973ರ ಪೂರನ್‌ಮಲ್ ತೀರ್ಪಿನಂತೆ, ಅಬಕಾರಿಯಂಥ ವಿಶೇಷ ಕಾಯ್ದೆಗಳ ಮಾತು ಬೇರೆ, ಶೋಧನೆ ಕಾನೂನುಬಾಹಿರವಾದರೂ ಸಿಕ್ಕ ವಸ್ತು ಸಾಕ್ಷ್ಯವಾಗಿ ನಿಲ್ಲಬಲ್ಲದು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ತಕ್ಕ ಬಲ ಶೋಧನೆಯ ಕಾಗದಪತ್ರಕ್ಕೆ ಇನ್ನೂ ಬಂದಿಲ್ಲ ಎಂಬುದು ನಮ್ಮ ದೊಡ್ಡ ತಕರಾರು.

ಜಪ್ತಿ ಪಟ್ಟಿಯ ವಿಷಯದಲ್ಲಿ ದೂರಿಲ್ಲ. 103ನೇ ಕಲಂ ಪ್ರಕಾರ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ ಪಂಚರು (ಶೋಧನೆಯ ಸಾಕ್ಷಿಗಳು) ಇರಬೇಕು, ಮನೆಯವರು ಜೊತೆಯಲ್ಲಿ ನಿಂತು ನೋಡಬಹುದು, ಪಂಚರ ಸಹಿಯಿರುವ ಪಟ್ಟಿಯ ಪ್ರತಿ ಮನೆಯವರಿಗೆ ಸಿಗಬೇಕು. ಇದಕ್ಕೆ ಅರ್ಜಿ ಬೇಡ, ಕೇಳಿದರೆ ಸಾಕು. ಮೊಬೈಲ್ ಒಯ್ದರೆ ‘ಒಂದು ಕಪ್ಪು ಮೊಬೈಲ್’ ಎಂಬ ಬರವಣಿಗೆಗೆ ಒಪ್ಪಬೇಡಿ. ಕಂಪನಿ, ಮಾಡೆಲ್, ಐಎಂಇಐ ಸಂಖ್ಯೆ (ಎರಡು ಸಿಮ್ಮಿನದಾದರೆ ಎರಡು), ಗಾಜಿನ ಮೇಲಿನ ಬಿರುಕು, ಎಲ್ಲವೂ ಪಟ್ಟಿಯಲ್ಲಿ ಬರಲಿ. ಫೋನಿನ ಪೆಟ್ಟಿಗೆ ಇಟ್ಟುಕೊಂಡಿದ್ದರೆ ಅದರ ಮೇಲೆ ಐಎಂಇಐ ಇರುತ್ತದೆ. ಪಾಸ್‌ವರ್ಡ್ ಕೊಡದಿದ್ದರೆ ಪೊಲೀಸರು ಫೋನಿನೊಳಗನ್ನು ಶೋಧಿಸಲು ಕೋರ್ಟಿನ ವಾರಂಟ್ ಕೇಳಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದೆ. ಫೋನ್ ನೆಟ್‌ವರ್ಕಿಗೆ ಸಿಗದಂತೆ ಫ್ಯಾರಡೆ ಚೀಲದಲ್ಲಿಡುವ ಸೂಚನೆಯೂ ಅದರಲ್ಲಿದೆ. ಆದರೆ ಪಾಸ್‌ವರ್ಡ್ ಕೊಡುವಂತೆ ಕೋರ್ಟ್ ನಿರ್ದೇಶಿಸಿದರೆ ಅದು ಸ್ವಯಂ ದೋಷಾರೋಪಣೆ, ಅಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ, ಆಗದು ಎಂದೂ ಅದೇ ತೀರ್ಪು ಹೇಳುತ್ತದೆ. ಇದನ್ನು ಮರೆಸಿ ಧೈರ್ಯ ಹೇಳುವವರ ಮಾತು ನಂಬಬೇಡಿ.

ಪೊಲೀಸರ ಮೇಲೆ ಕ್ರಮಕ್ಕೆ ಹೊರಡುವವರಿಗೆ ದಾರಿ ಉದ್ದವಿದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ವಾರಂಟನ್ನೇ ಪ್ರಶ್ನಿಸುವುದಾದರೆ ಬೆಂಗಳೂರಿನ ಹೈಕೋರ್ಟಿಗೆ ಹೋಗುವುದು ಸಾಮಾನ್ಯ. ವಕೀಲರ ಖರ್ಚಿಗೆ ಅಂಜಬೇಕಿಲ್ಲ: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಸಹಾಯವಾಣಿ 15100.

ಮೊದಲ ಅರ್ಜಿಯಲ್ಲೇ ಇನ್ನೊಂದು ಕೋರಿಕೆ ಸೇರಿಸಿ. ಪಟ್ಟಿ ಬರೆದು ಪಂಚರು ಸಹಿ ಮಾಡುವವರೆಗಿನ ಶೋಧನೆಯನ್ನು ಆಡಿಯೊ-ವಿಡಿಯೊದಲ್ಲಿ ಚಿತ್ರೀಕರಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು 105ನೇ ಕಲಂ ಹೇಳುತ್ತದೆ. ಆ ಚಿತ್ರೀಕರಣ ಯಾವ ದಿನ ಕೋರ್ಟಿಗೆ ಬಂತು ಎಂಬುದನ್ನು ದಾಖಲಿಸಿ, ಕಡತವನ್ನು ಕಾಯ್ದಿರಿಸುವಂತೆ ಕೇಳಿ. ಬಂದೇ ಇಲ್ಲವಾದರೆ, ಬಂದಿಲ್ಲ ಎಂಬುದೂ ಕೋರ್ಟಿನ ದಾಖಲೆಯಲ್ಲಿ ಉಳಿಯುತ್ತದೆ.