ಮಲೆನಾಡಿನ ಮನೆಗೆ ಪುಟ್ಟ ರೈಲು: ಎಚ್‌ಒ ಹಾಕುವುದೋ, ಎನ್ ಹಾಕುವುದೋ

ಮಕ್ಕಳ ಜೊತೆ ಕೂತು ಮನೆಯಲ್ಲೇ ಮಾದರಿ ರೈಲು ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ಅಳತೆಯ ಪ್ರಶ್ನೆ. ಎಚ್‌ಒ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಎನ್ ಅಂದರೆ 160ರಲ್ಲಿ ಒಂದು ಪಾಲು, ಹಳಿಗಳ ನಡುವೆ 9 ಮಿ.ಮೀ. ಎರಡನ್ನೂ 4×3 ಅಡಿ ಹಲಗೆಯ ಮೇಲೆ ಹಾಕಿ, ಮಳೆಗಾಲ ದಾಟಿಸಿ ನೋಡಿ ಬರೆದ ಹೋಲಿಕೆ ಇದು. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಮಗು ಎಂಟು ವರ್ಷದ ಒಳಗಿದ್ದರೆ ಎಚ್‌ಒ, ದಾಟಿದ್ದರೆ ಎನ್. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಅಳತೆಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಹಳಿಯ ಲೋಹದ ಬಗ್ಗೆ ಮತ್ತು ಹಲಗೆಯ ಬಗ್ಗೆ. ಅವೆರಡು ತಪ್ಪಿದರೆ ಯಾವ ಅಳತೆಯ ರೈಲಾದರೂ ಜುಲೈ ಹೊತ್ತಿಗೆ ನಿಂತುಹೋಗುತ್ತದೆ.

ಜಾಗದ ಲೆಕ್ಕ

8×4 ಅಡಿಯ ಪ್ಲೈವುಡ್ ಶೀಟನ್ನು ಅಂಗಡಿಯಲ್ಲೇ ಕೊಯ್ಸಿಕೊಂಡರೆ 4×3ರ ಎರಡು ಹಲಗೆ ಬಂದು, 4×2ರ ತುಂಡೊಂದು ಉಳಿಯುತ್ತದೆ. 4×3 ಅಂದರೆ 1220 × 915 ಮಿ.ಮೀ. ಏಳೆಂಟು ವರ್ಷದ ಮಗುವಿನ ಕೈ ಒಂದೂವರೆ ಅಡಿಗಿಂತ ಹೆಚ್ಚು ಎಟುಕುವುದಿಲ್ಲ. ಹಾಗಾಗಿ ಆಡುವಾಗ ಹಲಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಎರಡೂ ಕಡೆಯಿಂದ ಕೈ ಹೋಗಬೇಕು.

ಎಚ್‌ಒದಲ್ಲಿ ಹೆಚ್ಚಿನವರು ಎಡವುವುದು ತಿರುವಿನಲ್ಲಿ. ಬ್ಯಾಕ್‌ಮನ್ ಕಂಪನಿಯ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ತಿರುವಿನ ತ್ರಿಜ್ಯ 18 ಇಂಚು, ಅಂದರೆ 457 ಮಿ.ಮೀ. ಅದರ ವೃತ್ತಕ್ಕೇ 914 ಮಿ.ಮೀ. ಬೇಕು. ಮೂರಡಿ ಹಲಗೆಯಲ್ಲಿ ಸ್ಲೀಪರಿಗೂ (ಹಳಿಯ ಅಡಿಯ ಅಡ್ಡಪಟ್ಟಿ) ಜಾಗ ಉಳಿಯುವುದಿಲ್ಲ. ಹಾರ್ನ್‌ಬಿಯ ಮೊದಲ (ಅತಿ ಚಿಕ್ಕ) ತ್ರಿಜ್ಯ 371 ಮಿ.ಮೀ. ಆ ಕಂಪನಿಯ ರೈಲು ಓಒ (76ರಲ್ಲಿ ಒಂದು ಪಾಲು) ಅಳತೆಯದ್ದಾದರೂ ಹಳಿಯ ಅಂತರ ಅದೇ 16.5, ಆದ್ದರಿಂದ ಎಚ್‌ಒ ಇಂಜಿನ್ ಅದರ ಮೇಲೆ ಓಡುತ್ತದೆ. 45 ಡಿಗ್ರಿಯ ಎಂಟು ತಿರುವು, 168 ಮಿ.ಮೀ.ನ ನಾಲ್ಕು ನೇರ ಹಳಿ ಇದ್ದರೆ ಸುಮಾರು 1113 × 777 ಮಿ.ಮೀ.ನ ಸುತ್ತು ಆಗುತ್ತದೆ. ಒಂದು ನೇರ ತುಂಡಿನ ಬದಲು ಪಾಯಿಂಟ್ (ಕವಲೊಡೆಯುವ ಹಳಿ) ಹಾಕಿದರೆ ಒಳಗಡೆ ಒಂದು ಗೂಡ್ಸ್ ಹಳಿ. ಅಲ್ಲಿಗೆ ಹಲಗೆ ಭರ್ತಿ.

ಎನ್‌ನಲ್ಲಿ ಕಾಟೋ ಕಂಪನಿಯ ಯುನಿಟ್ರ್ಯಾಕ್ ಹಳಿಯ 282 ಮಿ.ಮೀ. ತ್ರಿಜ್ಯದ ಎಂಟು ತಿರುವು, 248 ಮಿ.ಮೀ.ನ ನಾಲ್ಕು ನೇರ ತುಂಡು ಹಾಕಿದರೆ ಸುಮಾರು 1085 × 589. ಅಗಲದಲ್ಲಿ ಒಂದಡಿಗಿಂತ ಹೆಚ್ಚು ಜಾಗ ಮಿಕ್ಕುತ್ತದೆ. ಅದರಲ್ಲಿ 315ರ ಇನ್ನೊಂದು ಸುತ್ತನ್ನು ಹೊರಗೆ ಹಾಕಬಹುದು, ಇಲ್ಲವೇ ಸ್ಟೇಷನ್ನು, ತೋಟ, ಹಳ್ಳ ಮಾಡಬಹುದು. ನಮ್ಮ ಮತ ಎರಡನೆಯದಕ್ಕೆ. ಹಲಗೆ ತುಂಬ ಹಳಿಯೇ ಇದ್ದರೆ ಮಗುವಿಗೆ ಕೈಯಿಂದ ಮಾಡುವ ಕೆಲಸವೇ ಉಳಿಯುವುದಿಲ್ಲ.

ಬೋಗಿಗಳ ಲೆಕ್ಕವೂ ಇಲ್ಲೇ ಬರುತ್ತದೆ. ನಮ್ಮ ನೀಲಿ ಐಸಿಎಫ್ ಬೋಗಿಯ ಉದ್ದ 21.3 ಮೀಟರ್. ಎಚ್‌ಒದಲ್ಲಿ ಅದು 245 ಮಿ.ಮೀ., ಎನ್‌ನಲ್ಲಿ 133. 371ರ ತಿರುವಿನಲ್ಲಿ 245 ಮಿ.ಮೀ. ಬೋಗಿಯ ಹೊಟ್ಟೆ ಒಳಕ್ಕೆ ಸರಿದು ಬಾಲ ಹೊರಕ್ಕೆ ಹೋಗುತ್ತದೆ, ಕೊಂಡಿ ಪಕ್ಕಕ್ಕೆ ಎಳೆದು ಚಕ್ರ ಹಳಿ ಬಿಡುತ್ತದೆ. ಹಾಗಾಗಿ ಈ ಹಲಗೆಯ ಮೇಲೆ ಎಚ್‌ಒ ಅಂದರೆ ಚಿಕ್ಕ ಇಂಜಿನ್ ಮತ್ತು ನಾಲ್ಕು ಚಕ್ರದ ಗೂಡ್ಸ್ ಡಬ್ಬಿಗಳು. ಎನ್‌ನಲ್ಲಿ ಇಂಜಿನ್ನೂ ಸೇರಿ ಮೂರು ಬೋಗಿಯ ಪೂರ್ತಿ ಪ್ಯಾಸೆಂಜರ್ ಗಾಡಿ ಅರ್ಧ ಮೀಟರಿನಲ್ಲಿ ಮುಗಿಯುತ್ತದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಅಲ್ಲಿ ರೈಲ್‌ಬಸ್ (ಬಸ್ಸಿನಂಥ ಒಂದೇ ಡಬ್ಬಿಯ ಗಾಡಿ) ಓಡುತ್ತಿತ್ತು. ಎಚ್‌ಒ ಆರಿಸಿದವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ: ನಾಲ್ಕು ಚಕ್ರದ ಮೋಟಾರ್ ಚಾಸಿಯ ಮೇಲೆ ರಟ್ಟಿನ ಮೈ ಕೂರಿಸಿದರಾಯಿತು, ತಿರುವು ಎಷ್ಟೇ ಬಿಗಿಯಾಗಿದ್ದರೂ ಸಲೀಸಾಗಿ ಸುತ್ತುತ್ತದೆ.

ಮಗುವಿನ ಕೈಗೆ

ಇಲ್ಲಿ ಎಚ್‌ಒ ಸ್ಪಷ್ಟವಾಗಿ ಮುಂದೆ. ಹಳಿ ಬಿಟ್ಟ ಎಚ್‌ಒ ಡಬ್ಬಿಯನ್ನು ಐದು ವರ್ಷದ ಮಗು ತಾನೇ ಎತ್ತಿ ಕೂರಿಸುತ್ತದೆ, ಚಕ್ರ ಹಳಿಗೆ ಕೂತದ್ದು ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಎನ್ ಬೋಗಿಯ ಎಂಟು ಚಕ್ರದಲ್ಲಿ ಒಂದು ತಪ್ಪಿ ನಿಂತರೂ ದೊಡ್ಡವರಿಗೇ ತಿಳಿಯುವುದಿಲ್ಲ. ಇಳಿಜಾರಾಗಿ ಜಾರಿಸಿ ಕೂರಿಸುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಎನ್ ಕೊಳ್ಳುವವರು ಅದನ್ನು ಬಿಡಬಾರದು. ಮೂರು ವರ್ಷದ ಒಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಎನ್ ಬೇಡವೇ ಬೇಡ, ಬಿಡಿಭಾಗಗಳೆಲ್ಲ ಬಾಯಿಗೆ ಹೋಗುವ ಗಾತ್ರದವು.

ತೂಕದ್ದೂ ಒಂದು ಮಾತಿದೆ. ಇಂಜಿನ್ನಿಗೆ ಕರೆಂಟ್ ಬರುವುದು ಹಳಿಯಿಂದ, ಚಕ್ರದ ಮೂಲಕ. ಎನ್ ಇಂಜಿನ್ನಿನ ತೂಕ ನೂರು ಗ್ರಾಂ ಒಳಗೇ ಇರುತ್ತದೆ. ಹಗುರಾದಷ್ಟೂ ಚಕ್ರ ಹಳಿಯನ್ನು ಒತ್ತಿ ಹಿಡಿಯುವುದು ಕಡಿಮೆ, ಸ್ವಲ್ಪ ಕೊಳೆ ಇದ್ದರೂ ಕರೆಂಟ್ ಕಡಿದು ನಿಲ್ಲುತ್ತದೆ. ಅದೇ ಕೊಳೆಯನ್ನು ಎಚ್‌ಒ ಇಂಜಿನ್ ಭಾರದಿಂದಲೇ ದಾಟಿಬಿಡುತ್ತದೆ.

ಬ್ಯಾಟರಿ ಸೆಲ್ ಹಾಕುವ ಪ್ಲಾಸ್ಟಿಕ್ ರೈಲು, ಮರದ ತೋಡಿನ ಹಳಿಯ ರೈಲು ಐದು ವರ್ಷದ ಒಳಗಿನವರಿಗೆ ಸಾಕು. ಹಳಿಯಲ್ಲಿ ಕರೆಂಟ್ ಇಲ್ಲದ್ದರಿಂದ ಮಳೆಗಾಲದ ತಾಪತ್ರಯವೂ ಇಲ್ಲ. ಆದರೆ ಅದನ್ನು ಮುಂದೆ ಬೆಳೆಸಲು ಬರುವುದಿಲ್ಲ.

ಮಳೆಗಾಲ ಮತ್ತು ಹಳಿ

ಹಳಿ ಮೂರು ಲೋಹದಲ್ಲಿ ಬರುತ್ತದೆ. ಉಕ್ಕಿನದು ಅಗ್ಗ, ಆದರೆ ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯುವುದು ಖಂಡಿತ. ಹಿತ್ತಾಳೆಯದು ಕಿಲುಬು ಹಿಡಿಯುತ್ತದೆ, ಕಿಲುಬಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಉಳಿದದ್ದು ನಿಕ್ಕಲ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ನಮ್ಮ ಹವೆಗೆ ಅದೊಂದೇ ಸರಿ. ಗುರುತು ಹಿಡಿಯಲು ಒಂದು ಅಯಸ್ಕಾಂತ ಸಾಕು: ಅಂಟಿದರೆ ಉಕ್ಕು, ಬೇಡ. ಬ್ಯಾಕ್‌ಮನ್‌ನ ತಳ ಸಮೇತ ಬರುವ ಹಳಿಯಲ್ಲಿ ಕಪ್ಪು ತಳದ್ದು ಉಕ್ಕು, ಬೂದು ತಳದ್ದು ನಿಕ್ಕಲ್ ಸಿಲ್ವರ್. ಎನ್‌ಗೆ ಕಾಟೋ ಹಾಕಿದರೆ ಈ ಚಿಂತೆ ಇಲ್ಲ, ಅದು ನಿಕ್ಕಲ್ ಸಿಲ್ವರೇ.

ಆದರೂ ಕೊಳೆ ಕೂರುತ್ತದೆ. ಬಚ್ಚಲ ಒಲೆಯ ಹೊಗೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಎರಡೂ ಹಳಿಯ ಮೇಲೆ ತೆಳುವಾದ ಜಿಡ್ಡು ಪದರ ಬಿಡುತ್ತವೆ. ಬಿಳಿ ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಹಾಕಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಂತರೆ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಬಾಟಲಿ ದೊಡ್ಡವರ ಕೈಯಲ್ಲಿರಲಿ. ಉಪ್ಪುಕಾಗದದಲ್ಲಿ ಉಜ್ಜಬಾರದು. ಉಜ್ಜಿದ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಆ ಗೀರುಗಳಲ್ಲೇ ಕೊಳೆ ಸೇರಿ ಮೊದಲಿಗಿಂತ ಬೇಗ ನಿಲ್ಲುತ್ತದೆ. ಚಕ್ರಗಳನ್ನೂ ಒರೆಸಬೇಕು, ಹಳಿ ಮಾತ್ರ ಒರೆಸಿದರೆ ಚಕ್ರದ ಕೊಳೆ ಒಂದೇ ಸುತ್ತಿನಲ್ಲಿ ಮತ್ತೆ ಹಳಿಗೆ ಬಂದಿರುತ್ತದೆ.

ಒರೆಸಿದ ಮೇಲೂ ಒಂದೇ ಜಾಗದಲ್ಲಿ ರೈಲು ನಿಧಾನವಾದರೆ ತಪ್ಪು ಜೋಡಣೆಯದು. ಹಳಿಗಳನ್ನು ಸೇರಿಸುವ ಫಿಶ್‌ಪ್ಲೇಟ್ ತೇವಕ್ಕೆ ಸಡಿಲಾಗಿ, ಕಪ್ಪಾಗಿ, ಕರೆಂಟನ್ನು ತಡೆಯುತ್ತದೆ. ಒಂದೇ ಕಡೆ ವೈರ್ ಕೊಟ್ಟು ಬಿಡುವುದು ಬಯಲುಸೀಮೆಯಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ಹಲಗೆಯ ಅಡಿಯಲ್ಲಿ 1 ಚದರ ಮಿ.ಮೀ.ನ ಎರಡು ವೈರ್ (ಒಂದು ಕೆಂಪು, ಒಂದು ಕಪ್ಪು) ಸುತ್ತ ಎಳೆದು, ಎರಡು ಮೂರು ಜೋಡಣೆಗೆ ಒಂದರಂತೆ ಮೇಲಕ್ಕೆ ಸಣ್ಣ ವೈರ್ ಕೊಡಿ. ಬೆಸುಗೆ ಹಳಿಯ ಹೊರಬದಿಗೆ ಇರಲಿ, ಒಳಬದಿಗೆ ಹಾಕಿದರೆ ಚಕ್ರದ ಅಂಚು ತಾಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಕೈ ತೆಗೆಯದಿದ್ದರೆ ಸ್ಲೀಪರ್ ಕರಗುತ್ತದೆ, ಅಕ್ಕಪಕ್ಕ ಒದ್ದೆ ಹತ್ತಿ ಇಟ್ಟುಕೊಳ್ಳಿ. ಬೆಸುಗೆ ದೊಡ್ಡವರ ಕೆಲಸ. ಕೆಂಪು ಯಾವುದು, ಕಪ್ಪು ಯಾವುದು ಅಂತ ಹಲಗೆಯ ಅಡಿ ಗುರುತು ಹಾಕುವುದು ಮಗುವಿನ ಕೆಲಸ. ಒಂದು ವೈರ್ ಅದಲುಬದಲಾದರೂ ಶಾರ್ಟ್ ಆಗುತ್ತದೆ ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಹಲಗೆ: ಪ್ಲೈವುಡ್, ಎಂಡಿಎಫ್, ಫೋಮ್

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಈ ಕಡೆಗೆ ಅಲ್ಲ, ಅಂಚಿನಿಂದ ನೀರು ಹೀರಿ ಉಬ್ಬುತ್ತದೆ. ಪ್ಲೈವುಡ್ಡಿನಲ್ಲಿ ನೀರು ತಡೆಯುವ ಮರೀನ್ ದರ್ಜೆಯ ಐಎಸ್ 710 ಮುದ್ರೆಯದ್ದನ್ನು ಕೇಳಿ ತನ್ನಿ, ತೇವವನ್ನಷ್ಟೇ ತಡೆಯುವ ಐಎಸ್ 303 ಎಂಆರ್ ದರ್ಜೆಯದು ಅಗಸ್ಟಿನ ಹೊತ್ತಿಗೆ ಪದರ ಬಿಡಬಹುದು. 12 ಮಿ.ಮೀ. ದಪ್ಪದ 4×3 ಹಲಗೆಯೇ ಎಂಟೊಂಬತ್ತು ಕೆ.ಜಿ. ತೂಗುತ್ತದೆ, ಅಡಿಯ ರೀಪು ಬೇರೆ. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಪ್ರೈಮರ್ ಬಳಿಯಲೇಬೇಕು. ಮೇಲೆ ಮಾತ್ರ ಬಳಿದರೆ ಅಡಿಭಾಗ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ. ಒರಲೆ ಇರುವ ಮನೆಯಲ್ಲಿ ನೆಲಕ್ಕೂ ಗೋಡೆಗೂ ತಾಗಿಸಿ ಇಡಬೇಡಿ.

50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಫೋಮ್ (ಕಾಳಿಲ್ಲದ ಗಟ್ಟಿ ಥರ್ಮಾಕೋಲಿನಂಥ ಹಲಗೆ) ಅದೇ ಅಳತೆಯಲ್ಲಿ ಎರಡು ಕೆ.ಜಿ.ಗೂ ಕಡಿಮೆ, ತೇವಕ್ಕೆ ಹಿಗ್ಗುವುದಿಲ್ಲ. ಸುತ್ತ ರೀಪಿನ ಚೌಕಟ್ಟು ಕೊಟ್ಟರೆ ಮಗುವೂ ಒಂದು ಬದಿ ಹಿಡಿದು ಎತ್ತಬಹುದು. ರಬ್ಬರ್ ಅಂಟು ಹಾಕಬೇಡಿ, ಫೋಮ್ ಕರಗಿ ಗುಂಡಿ ಬೀಳುತ್ತದೆ. ಫೆವಿಕಾಲ್ ಸಾಕು. ಬದಿಗಳಿಗೆ ಪೇಂಟ್ ಬಳಿಯದಿದ್ದರೆ ಇರುವೆ ಕೊರೆಯುತ್ತದೆ. ಮಾಮೂಲಿ ಬಿಳಿ ಥರ್ಮಾಕೋಲ್ ಬೇಡ, ಅದರ ಕಾಳು ಉದುರಿ ಇಂಜಿನ್ನಿನ ಗೇರಿಗೆ ಸೇರುತ್ತದೆ.

ಫೋಮಿನ ಇನ್ನೊಂದು ಲಾಭ ಘಟ್ಟ ಮಾಡುವಾಗ ಕಾಣುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1. ಅದೇ ಏರನ್ನು ನಮ್ಮ ಎನ್ ಸುತ್ತಿನಲ್ಲಿ ಕೊಟ್ಟರೆ, 2.76 ಮೀಟರಿನ ಪೂರ್ತಿ ಸುತ್ತಿಗೆ ಹಳಿ ಏರುವುದು 55 ಮಿ.ಮೀ. ಮಾತ್ರ. ಇಳಿಯಲು ಜಾಗವೇ ಉಳಿಯುವುದಿಲ್ಲ, ಹಳಿಯ ಮೇಲೆ ಹಳಿ ಹಾಯಿಸುವ ಆಸೆ ಕೈಬಿಡಬೇಕು. ಹಳಿಯನ್ನು ಸಮತಟ್ಟಾಗಿಟ್ಟು, ಅದರ ಅಡಿಯ ಫೋಮನ್ನು 40 ಮಿ.ಮೀ. ಆಳಕ್ಕೆ ಕೊರೆದು ಹಳ್ಳ ಮಾಡಿ ಸೇತುವೆ ಹಾಕಿ. ಘಟ್ಟದ ನೋಟ ಬರುತ್ತದೆ, ಇಂಜಿನ್ನಿಗೂ ಕಷ್ಟವಿಲ್ಲ.

ತೋಟ ಮತ್ತು ಜಲ್ಲಿ

ಹಳಿಯ ಬದಿಗೆ ಹಿತ್ತಿಲ ಜಂಬಿಟ್ಟಿಗೆ ಪುಡಿಯನ್ನು ಜರಡಿ ಹಿಡಿದು ಹಾಕೋಣ ಅನ್ನಿಸುವುದು ಸಹಜ, ಬಣ್ಣವೂ ಚಂದ. ಆದರೆ ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ. ಕಾಗದದ ಮೇಲೆ ಹರಡಿ ಅಡಿಯಲ್ಲಿ ಅಯಸ್ಕಾಂತ ಆಡಿಸಿ ನೋಡಿ. ಪುಡಿ ಚಲಿಸಿದರೆ ಅದು ನಾಳೆ ಮೋಟಾರಿನ ಅಯಸ್ಕಾಂತಕ್ಕೆ ಅಂಟಿ ಇಂಜಿನ್ನನ್ನೇ ಹಾಳು ಮಾಡುತ್ತದೆ. ಅಯಸ್ಕಾಂತ ಆಡಿಸಿ ತೆಗೆದ ಮೇಲೂ ಅದನ್ನು ಹಳಿಯಿಂದ ದೂರದ ದಾರಿಗೆ, ಗುಡ್ಡಕ್ಕೆ ಮಾತ್ರ ಬಳಸಿ. ಹಳಿಗೆ ಇದೇ ಪರೀಕ್ಷೆ ಮಾಡಿದ ಕಲ್ಲುಪುಡಿ ಹಾಕಿ. ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸೇರಿಸಿ ಡ್ರಾಪರಿನಲ್ಲಿ ಬಿಡಿ. ಈ ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯಲಿ. ಜೂನಿನಲ್ಲಿ ಹಾಕಿದ ಅಂಟು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ.

ಅಡಿಕೆ ತೋಟ ಮಾಡಲು ಎಚ್‌ಒ ಬಹಳ ಒಳ್ಳೆಯದು. ತೆಂಗಿನ ಹಿಡಿಕಡ್ಡಿಯ ಬುಡ ಸುಮಾರು 2 ಮಿ.ಮೀ. ದಪ್ಪ, 87ರಿಂದ ಗುಣಿಸಿದರೆ 17 ಸೆಂ.ಮೀ., ಸರಿಯಾಗಿ ಅಡಿಕೆ ಮರದ ದಪ್ಪ. 15 ಮೀಟರಿನ ಮರಕ್ಕೆ 172 ಮಿ.ಮೀ. ಉದ್ದ ಕತ್ತರಿಸಿ, ಬೂದು ಬಣ್ಣ ಬಳಿದು, ಹಾಳೆ ಸುತ್ತಿರುವ ತುದಿಯ 10 ಮಿ.ಮೀ.ಗೆ ಹಸಿರು ಬಳಿಯಿರಿ. ಈ ಹಸಿರು ಬಿಟ್ಟರೆ ಮರ ತೆಂಗಿನಂತೆ ಕಾಣುತ್ತದೆ. ಹಸಿರು ಕಾಗದದ ಏಳೆಂಟು ಸೋಗೆ, ಒಂದೊಂದು ಎರಡು ಸೆಂ.ಮೀ. ಒಂಬತ್ತಡಿ ಅಂತರ ಅಂದರೆ ಎಚ್‌ಒದಲ್ಲಿ 31 ಮಿ.ಮೀ., ಎನ್‌ನಲ್ಲಿ 17. ಫೋಮಿನಲ್ಲಿ ಅಷ್ಟಷ್ಟು ದೂರಕ್ಕೆ ಸೂಜಿಯಿಂದ ಚುಚ್ಚಿ ಕೊಟ್ಟರೆ ಮಗು ಸಾಲು ತಪ್ಪದೆ ನೆಡುತ್ತದೆ. ಎನ್‌ನಲ್ಲಿ ಕಡ್ಡಿಯ ತೆಳು ತುದಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಸೋಗೆ ಕತ್ತರಿಸಿ ಅಂಟಿಸುವುದು ಚಿಕ್ಕ ಬೆರಳುಗಳಿಗೆ ಕಷ್ಟ. ಸ್ಟೇಷನ್ನಿಗೆ ಹಳದಿ ಬೋರ್ಡ್, ಕಪ್ಪು ಅಕ್ಷರ, ಕನ್ನಡ ಮೇಲೆ: ಕುಂಸಿ, ಅರಸಾಳು, ಆನಂದಪುರ, ಮಗುವಿಗೆ ಇಷ್ಟವಾದದ್ದು ಬರೆಯಲಿ.

ಕರೆಂಟ್

ಎರಡಕ್ಕೂ 12 ವೋಲ್ಟ್ ಡಿಸಿ, 1 ಆಂಪಿಯರ್ ಸಾಕು. ಒಂದೇ ಹಳಿಯಲ್ಲಿ ಹಲವು ಇಂಜಿನ್ನುಗಳನ್ನು ಬೇರೆಬೇರೆಯಾಗಿ ಓಡಿಸುವ ಡಿಸಿಸಿ ಡಿಜಿಟಲ್ ವ್ಯವಸ್ಥೆ ಒಂದೇ ಇಂಜಿನ್ನಿನ ಹಲಗೆಗೆ ದಂಡದ ಖರ್ಚು. ಮಕ್ಕಳು ವೇಗದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಯೇ ತಿರುಗಿಸುತ್ತಾರೆ. 9 ವೋಲ್ಟಿನ ಅಡಾಪ್ಟರ್ ಕೊಟ್ಟುಬಿಟ್ಟರೆ ತಿರುವಿನಲ್ಲಿ ರೈಲು ಹಾರುವುದು ಕಡಿಮೆಯಾಗುತ್ತದೆ. ಕರೆಂಟ್ ಹೋದಾಗ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಎನ್ ರೈಲು ದಿನವಿಡೀ ಓಡೀತು, ಆದರೆ ನಡುವೆ 1 ಆಂಪಿಯರ್ ಫ್ಯೂಸ್ ಇಲ್ಲದೆ ಜೋಡಿಸಬಾರದು. ಹಳಿ ಬಿಟ್ಟ ಚಕ್ರ ಎರಡೂ ಹಳಿಗೆ ಅಡ್ಡ ಬಿದ್ದರೆ ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಅಲ್ಲಿ ಸುರಿದು ವೈರ್ ಕೆಂಪಗಾಗುತ್ತದೆ.

ಮಳೆಗಾಲ ಶುರುವಾಗುವ ಮೊದಲು ಇಂಜಿನ್, ಬೋಗಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಲಗೆಯನ್ನು ಅಟ್ಟಕ್ಕೆ ಹಾಕಬೇಡಿ. ಒಳಗೋಡೆಗೆ, ಹಿಂದೆ ಒಂದಿಂಚು ಗಾಳಿ ಆಡುವಂತೆ ನಿಲ್ಲಿಸಿ ಹಳೆಯ ಪಂಚೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಹಳಿ ಒರೆಸಿ ಹತ್ತು ನಿಮಿಷ ಓಡಿಸಿದರೆ ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ಬಿಚ್ಚಿ ಜೋಡಿಸುವ ಕೆಲಸ ಇರುವುದಿಲ್ಲ.