ಮಿಸ್ಟರ್ರೋ ಟ್ಯಾಂಗ್ ನ್ಯಾನೋನೋ: ಸ್ಕೂಲಿನ ಬಿಬಿಸಿ ಮೈಕ್ರೋನ ಮನೇಲಿ ಕಟ್ಟೋಕೆ ಹೋಗಿ

ಹಳೇ ಕಂಪ್ಯೂಟರೊಂದನ್ನ ಮನೇಲಿ ಮತ್ತೆ ಕಟ್ಟೋಕೆ ಎಫ್‌ಪಿಜಿಎ (ಒಳಗಿನ ಗೇಟುಗಳನ್ನ ಬೇಕಾದಂಗೆ ಜೋಡಿಸ್ಕೊಳ್ಳೋ ಚಿಪ್ಪು) ಇರೋ ಎರಡು ಬೋರ್ಡ್ ತಗೊಂಡಿದ್ದೆ. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಸುಮಾರು 3,500 ರೂಪಾಯಿ ಬಿದ್ದ ಟ್ಯಾಂಗ್ ನ್ಯಾನೋ 20ಕೆ ಬೋರ್ಡಿಗೆ. ಕಸ್ಟಮ್ಸು, 128 ಎಂಬಿ ಎಸ್‌ಡಿರ್ಯಾಮ್ ಬೋರ್ಡು, ಯುಎಸ್‌ಬಿ ಹಬ್ಬು ಎಲ್ಲಾ ಸೇರಿ 25,000 ದಾಟಿದ ಡಿಇ10-ನ್ಯಾನೋ (ಮಿಸ್ಟರ್ ಅನ್ನೋ ಸಾಫ್ಟ್‌ವೇರ್ ಓಡೋದು ಇದರ ಮೇಲೆ, ಅದಕ್ಕೇ ಇದನ್ನೂ ಮಿಸ್ಟರ್ ಅಂತೀನಿ) ಕೆಟ್ಟದ್ದು ಅಂತಲ್ಲ, ನಂಗೆ ಬೇಕಾಗಿದ್ದು ಅದಲ್ಲ ಅಷ್ಟೇ, ಮತ್ತೆ ಅದು ಗೊತ್ತಾಗಿದ್ದು ದುಡ್ಡು ಕೊಟ್ಟಾದ್ಮೇಲೆ.

ಬೇಕಾಗಿದ್ದೇನು ಅಂದ್ರೆ ಬಿಬಿಸಿ ಮೈಕ್ರೋ, ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅಂತ ಒಂದು ಯೋಜನೆ ಶುರು ಮಾಡಿ ಸ್ಕೂಲುಗಳಿಗೆ ಈ ಮಷೀನು ಕೊಟ್ಟಿತ್ತಲ್ಲ, ಅದರಲ್ಲಿ ಮೈಸೂರಿನ ನಮ್ಮ ಸ್ಕೂಲಿಗೂ ಬಂದಿತ್ತು. ಚಪ್ಪಲಿ ಆಚೆ ಬಿಟ್ಟು ಒಳಗೆ ಹೋಗ್ಬೇಕು, ಒಂದು ಮಷೀನಿಗೆ ನಾಲ್ಕು ಜನ, ಕೀಬೋರ್ಡ್ ಸಿಕ್ಕೋನೇ ರಾಜ. ಸ್ವಿಚ್ ಹಾಕಿದ ತಕ್ಷಣ ಒಂದು ದಪ್ಪ ದನಿ, ಹಿಂದೆನೇ ಒಂದು ಸಣ್ಣ ಬೀಪು, ಕಪ್ಪು ಸ್ಕ್ರೀನ್ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಇಂಗ್ಲಿಷಲ್ಲಿ ಬರೋದು. ಆ ಬೀಪು ಮನೇಲಿ ಕೇಳ್ಬೇಕು ಅನ್ನೋದೇ ಇಷ್ಟಕ್ಕೆಲ್ಲ ಕಾರಣ.

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಎಮ್ಯುಲೇಟರ್ (ಹಳೇ ಮಷೀನಿನ ಥರ ನಟಿಸೋ ಪ್ರೋಗ್ರಾಮ್) ಹಾಕಿ ನೋಡಿದ್ದೆ. ಬಿಟ್ಟಿ, ಎಲ್ಲಾ ಓಡತ್ತೆ, ಆದ್ರೆ ನನ್ನ ಟಿವಿ ಜೊತೆ ಸೇರಿದ್ರೆ ಅಕ್ಷರ ಒತ್ತಿದ್ಮೇಲೆ ಒಂಚೂರು ತಡವಾಗಿ ಬಂದಂಗೆ ಅನ್ಸೋದು. ಎಫ್‌ಪಿಜಿಎನಲ್ಲಿ ಹಂಗಲ್ಲ, ಅಲ್ಲಿ ಪ್ರೋಗ್ರಾಮ್ ಒಂದು ಮಷೀನಿನ ನಾಟಕ ಆಡಲ್ಲ, ಚಿಪ್ಪಿನ ಒಳಗಿನ ಗೇಟುಗಳನ್ನೇ 6502 ಪ್ರೊಸೆಸರ್ ಥರ, 6845 ವಿಡಿಯೋ ಚಿಪ್ಪಿನ ಥರ ಜೋಡಿಸ್ಕೊಳ್ಳೋದು, ಎಲ್ಲಾ ಒಂದೇ ಗಡಿಯಾರಕ್ಕೆ ಒಟ್ಟಿಗೆ ನಡಿಯತ್ತೆ. ಬಿಬಿಸಿಗೆ ಇದು ಮುಖ್ಯ. ಒರಿಜಿನಲ್‌ನಲ್ಲಿ ಪ್ರೊಸೆಸರ್ 2 ಮೆಗಾಹರ್ಟ್ಸು, ಮೆಮೊರಿ 4, ಅಂದ್ರೆ ಒಂದು ಸರ್ತಿ ಪ್ರೊಸೆಸರ್ ಓದಿದ್ರೆ ಇನ್ನೊಂದು ಸರ್ತಿ ವಿಡಿಯೋ ಓದತ್ತೆ, ಯಾರೂ ಯಾರಿಗೂ ಕಾಯೋ ಹಂಗಿಲ್ಲ. 1984ರ ಎಲೀಟ್ ಗೇಮಲ್ಲಂತೂ ಸ್ಕ್ರೀನಿನ ಮೇಲ್ಗಡೆ ಒಂದು ಗ್ರಾಫಿಕ್ಸ್ ಮೋಡ್, ಕೆಳಗಡೆ ಇನ್ನೊಂದು, ಪ್ರತಿ ಫ್ರೇಮಲ್ಲೂ ಟೈಮರ್ ನೋಡ್ಕೊಂಡು ಮಧ್ಯದಲ್ಲೇ ಬದಲಾಯಿಸ್ತಾರೆ. ಎರಡು ಬೋರ್ಡಲ್ಲೂ ಅದು ಗೆರೆ ಎಳೆದಂಗೆ ಬಂತು, ಅದರಲ್ಲಿ ಜಗಳ ಇಲ್ಲ.

ಈಗ ಟ್ಯಾಂಗ್ ಕೊಟ್ಟ ಕಾಟ. ಬೋರ್ಡು ಬೆರಳಷ್ಟು ಉದ್ದ, ಎಚ್‌ಡಿಎಂಐ ಇದೆ, ಎಸ್‌ಡಿ ಕಾರ್ಡ್ ಸ್ಲಾಟ್ ಇದೆ, ಒಂದು ಟೈಪ್-ಸಿ ಇದೆ. ನಾನು ಟೈಪ್-ಸಿ ಇದ್ಯಲ್ಲ, ಕೀಬೋರ್ಡು ಅದಕ್ಕೇ ಅಂದ್ಕೊಂಡೆ. ಅಲ್ಲ, ಅದು ಪವರ್ರಿಗೆ ಮತ್ತೆ ಪ್ರೋಗ್ರಾಮ್ ತುಂಬೋಕೆ ಮಾತ್ರ. ಕೀಬೋರ್ಡಿಗೆ ಜಾಗನೇ ಇಲ್ಲ! ನಾನು ಹಾಕಿದ ಬಿಬಿಸಿ ಕೋರ್ (ಗೇಟುಗಳನ್ನ ಬಿಬಿಸಿ ಥರ ಜೋಡಿಸೋ ಫೈಲು) ಕೇಳೋದು ಯುಎಸ್‌ಬಿಗೂ ಮುಂಚಿನ, ದುಂಡನೆ ಪ್ಲಗ್ಗಿನ ಹಳೇ ಪಿಎಸ್/2 ಕೀಬೋರ್ಡು, ಅದನ್ನ ಪಿನ್ನುಗಳಿಗೆ ನಾವೇ ವೈರ್ ಎಳ್ಕೊಂಡು ಹಾಕ್ಬೇಕು.

ಸರಿ, ಮನೇಲಿದ್ದ ಯುಎಸ್‌ಬಿ ಕೀಬೋರ್ಡಿಗೆ ಪಿಎಸ್/2 ಪ್ಲಗ್ ಮಾಡೋ ಒಂದು ಹಸಿರು ಕನ್ವರ್ಟರ್ ತಂದು ಹಾಕ್ದೆ. ಲೈಟು ಒಂದ್ಸಲ ಮಿಣುಕ್ ಅಂತು, ಅಷ್ಟೇ, ಸತ್ತೋಯ್ತು. ಇನ್ನೊಂದು ಕೀಬೋರ್ಡ್, ಅದೂ ಹಂಗೇ. ತಪ್ಪು ನನ್ನ ವೈರಿಂಗಿಂದೇ ಅಂತ ಎರಡು ದಿನ ಕ್ಲಾಕು, ಡೇಟಾ ಅನ್ನೋ ಎರಡು ವೈರು ಅದಲು ಬದಲು ಮಾಡ್ಕೊಂಡು ಕೂತೆ, ಆಫೀಸ್ ಕಾಲಲ್ಲಿ ಮ್ಯೂಟ್ ಮಾಡ್ಕೊಂಡು ಮಲ್ಟಿಮೀಟರ್ ಹಿಡಿದಿದ್ದೂ ಇದೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೆ ಅಂಗಡಿಯ ವಯಸ್ಸಾದ ಯಜಮಾನ್ರು ಕನ್ವರ್ಟರ್ ತಿರುಗಿಸಿ ನೋಡಿ, 'ಇದ್ರೊಳಗೆ ಏನೂ ಇಲ್ಲ ಸಾರ್, ಬರೀ ವೈರು. ಕೀಬೋರ್ಡಿಗೇ ಎರಡು ಭಾಷೆ ಬರ್ಬೇಕು, ಈಗಿನವಕ್ಕೆ ಬರಲ್ಲ' ಅಂದ್ರು. ಅಟ್ಟದ ಮೇಲಿಂದ ಒಂದು ಹಳದಿಗಟ್ಟಿದ ಪಿಎಸ್/2 ಕೀಬೋರ್ಡ್ ಇಳಿಸಿ ಧೂಳು ಊದಿ 150 ರೂಪಾಯಿಗೆ ಕೊಟ್ರು.

ಅಲ್ಲಿಗೂ ಮುಗೀಲಿಲ್ಲ. ಆ ಕೀಬೋರ್ಡ್ ಮಾತಾಡೋದು 5 ವೋಲ್ಟಲ್ಲಿ, ಟ್ಯಾಂಗಿನ ಪಿನ್ನು ತಡ್ಕೊಳ್ಳೋದು 3.3. ನೇರ ಕೊಟ್ರೆ ಚಿಪ್ಪು ಹೋಗ್ಬಹುದು ಅಂತ ಮಧ್ಯೆ ವೋಲ್ಟೇಜ್ ಹೊಂದಿಸೋ ಒಂದು ಲೆವೆಲ್ ಶಿಫ್ಟರ್ ಹಾಕ್ಬೇಕಾಯ್ತು. ಹಾಕಿ, ಉಸಿರು ಬಿಗಿ ಹಿಡಿದು ಪವರ್ ಕೊಟ್ಟು ಶಿಫ್ಟ್ ಜೊತೆ 2 ಒತ್ತಿದೆ, ಡಬಲ್ ಕೋಟ್ ಬಂತು. ಬಿಬಿಸಿಯಲ್ಲಿ ಅದರ ಜಾಗ ಅಲ್ಲೇ, ಮೂವತ್ತೈದು ವರ್ಷ ಆದ್ರೂ ಬೆರಳು ಮರ್ತಿರ್ಲಿಲ್ಲ ನೋಡಿ.

ಡಿಇ10ರಲ್ಲಿ ಈ ಯಾವ ರಗಳೆನೂ ಇಲ್ಲ. ಯುಎಸ್‌ಬಿ ಕೀಬೋರ್ಡ್ ಚುಚ್ಚಿ, ಮೆನುವಲ್ಲಿ ಕೋರ್ ಆರಿಸಿ, ಮುಗೀತು. ಅದರ ಚಿಪ್ಪಲ್ಲಿ ಎಫ್‌ಪಿಜಿಎ ಪಕ್ಕದಲ್ಲೇ ಎರಡು ಆರ್ಮ್ ಪ್ರೊಸೆಸರ್ ಇದೆ, ಲಿನಕ್ಸ್ ಓಡಿಸಿ ಮೆನು, ಕಾರ್ಡು, ಕೀಬೋರ್ಡು ನೋಡ್ಕೊಳ್ಳೋದು ಅವೇ. (ತಮಾಷೆ ಏನಂದ್ರೆ ಆರ್ಮ್ ಹುಟ್ಟಿದ್ದೇ ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯಲ್ಲಿ, 1985ರಲ್ಲಿ ಮೊದಲ ಆರ್ಮ್ ಚಿಪ್ಪನ್ನ ಬಿಬಿಸಿ ಮೈಕ್ರೋಗೇ ಸಿಗಿಸಿ ಓಡಿಸಿ ನೋಡಿದ್ರು. ಈಗ ಮೊಮ್ಮಗ ಅಜ್ಜನ್ನ ಎಬ್ಬಿಸಿ ಕೂರಿಸ್ತಾ ಇದಾನೆ.)

ಚಿತ್ರದಲ್ಲೂ ಡಿಇ10 ಮುಂದೆ. 50 ಹರ್ಟ್ಸ್ ಸಿಗ್ನಲ್ ನನ್ನ ಮಾನಿಟರ್ ಒಪ್ಪಲ್ಲ, ಮಿಸ್ಟರ್ ಅದನ್ನ ಹೊಂದಿಸಿ ಕೊಡತ್ತೆ, ಟ್ಯಾಂಗ್ ಹಾಕಿದ್ರೆ ಸ್ಕ್ರೀನು ಕಪ್ಪು. ಟಿವಿಗೆ ಹಾಕ್ಬೇಕು.

ಮತ್ಯಾಕೆ ಟ್ಯಾಂಗು ಅಂದ್ರೆ, ಮಿಸ್ಟರ್ ಆನ್ ಮಾಡಿದ್ರೆ ಲಿನಕ್ಸ್ ಏಳ್ಬೇಕು, ಮೆನು ಬರ್ಬೇಕು, ಮೆನುವಲ್ಲಿ ಅಮಿಗಾ, ಸ್ಪೆಕ್ಟ್ರಮ್, ಕಮೊಡೋರ್ ಅಂತ ಹಳೇ ಮಷೀನುಗಳು ನೂರೆಂಟು. ನಂಗೆ ರಾತ್ರಿ ಊಟ ಆದ್ಮೇಲೆ ಸಿಗೋದೇ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಅದನ್ನ ಇದನ್ನ ತೆಗೆದು ನೋಡೋದ್ರಲ್ಲೇ ಹೋಗೋದು, ಬಿಬಿಸಿ ಕಡೆ ಬರೋ ಹೊತ್ತಿಗೆ ನಿದ್ದೆ. ಅದೂ ಅಲ್ದೆ ಎಮ್ಯುಲೇಟರ್ ಅಭ್ಯಾಸಕ್ಕೆ ಬಿಬಿಸಿಯ ಬ್ರೇಕ್ (ರೀಸೆಟ್) ಕೀ ಅಂತ ಎಫ್12 ಒತ್ತಿದ್ರೆ ಇಲ್ಲಿ ಮೆನು ಎದ್ದು ಕೂರತ್ತೆ. ಟ್ಯಾಂಗಿಗೆ ಸ್ವಿಚ್ ಹಾಕಿದ್ರೆ ಚಪ್ಪಾಳೆ ತಟ್ಟೋಷ್ಟರಲ್ಲಿ ಆ ಬೀಪು.

ಮಕ್ಕಳಿರೋ ಮನೆ, ಹತ್ತು ಥರ ಮಷೀನು ಬೇಕು, ಸೋಲ್ಡರಿಂಗ್ ಅಂದ್ರೆ ಆಗಲ್ಲ ಅನ್ನೋರು ಕಣ್ಮುಚ್ಚಿ ಮಿಸ್ಟರ್ ತಗೊಳ್ಳಿ. ನಂದು ಈಗ ಅಣ್ಣನ ಮಗನ ಹತ್ರ ಇದೆ, ಅಮಿಗಾದಲ್ಲಿ ಮುಳುಗಿದಾನೆ, ವಾಪಸ್ ಕೇಳೋ ಯೋಚನೆ ಇಲ್ಲ. ಟ್ಯಾಂಗಿನ ಲೆವೆಲ್ ಶಿಫ್ಟರ್ ಮಾತ್ರ ಇನ್ನೂ ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ದೆ ವೈರ್ ಚುಚ್ಚೋ ಹಲಗೆ) ಮೇಲೇ ಇದೆ, ಮನೆಯವಳು ಟೇಬಲ್ ಒರೆಸಿದ ದಿನ ಕೀಬೋರ್ಡ್ ಕೆಲಸ ಮಾಡಲ್ಲ, ಹಳದಿ ವೈರನ್ನ ಒಂದ್ಸಲ ಅದುಮಿದ್ರೆ ಬರತ್ತೆ.